ಅರ್ಧ ಉತ್ತ ಹೊಲ

ಹೋದ ತಿಂಗಳು ಮಡಿಕೇರಿಯಲ್ಲಿ ಕೆಲಸ ಮುಗಿಸಿಕೊಂಡು ಬಸ್ಸಿನಲ್ಲಿ ಸುಂಟಿಕೊಪ್ಪಕ್ಕೆ ವಾಪಸು ಬರುತ್ತಿದ್ದೆ. ಹಿಂದಿನ ದಿನ ಸಂಜೆ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಚೆನ್ನಾಗಿ ಬಿದ್ದಿತ್ತು. ಊರು ಹತ್ತಿರವಾಗುತ್ತಿದ್ದ ಹಾಗೆ ರಸ್ತೆ ಪಕ್ಕದ ಹೊಲವೊಂದರಲ್ಲಿ ಟ್ರ್ಯಾಕ್ಟರ್ ಉಳುತ್ತಿತ್ತು. ಅದರ ಹಿಂದೆ ಬೆಳ್ಳಕ್ಕಿಗಳು ನೆಂಟರ ಹಾಗೆ ಸಾಲಾಗಿ ನಡೆಯುತ್ತಿದ್ದವು. ಕಿಟಕಿಯಿಂದ ಹಸಿ ಮಣ್ಣಿನ ವಾಸನೆ ಒಳಗೆ ನುಗ್ಗಿತು. ನನ್ನ ಪಕ್ಕ ಕೂತಿದ್ದ ಹೆಂಗಸು ಕಣ್ಣು ಮುಚ್ಚಿಕೊಂಡು, "ಎಷ್ಟ್ ಚೆನ್ನಾಗದೆ ಅಲ್ವಾ ಅಕ್ಕ?" ಅಂದಳು. ಹೌದು ಅಂದೆ. ಅಂದವಳಿಗೆ ಮಾವನ ನೆನಪು ಬಂತು.

ನಮ್ಮ ಮಾವ ಈರಪ್ಪನವರಿಗೆ ಆ ವಾಸನೆ ಅಂದರೆ ಪ್ರಾಣ. ಉಳುವಾಗ ಸಾಲಿನ ಕೊನೆಗೆ ಬಂದು ನಿಂತು ಒಂದು ಹೆಂಟೆ ಎತ್ತಿಕೊಳ್ಳುವರು. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುತ್ತೇವಲ್ಲ, ಹಾಗೆ ಬೆರಳಲ್ಲಿ ಹಿಚುಕಿ, ಮೂಗಿನ ಹತ್ತಿರ ಹಿಡಿದು, ತಲೆಯಾಡಿಸಿ, ಮುಂದಿನ ಸಾಲಿಗೆ ತಿರುಗುವರು. ಎತ್ತುಗಳಿದ್ದ ಕಾಲದಲ್ಲಿ ಅವರ ಉಳುಮೆ ನೋಡುವುದಕ್ಕೆಂದೇ ಮಾದಾಪುರದ ರಸ್ತೆಯಲ್ಲಿ ಜನ ನಿಲ್ಲುತ್ತಿದ್ದರಂತೆ. ನಾನು ಶನಿವಾರಸಂತೆಯ ಕಡೆಯಿಂದ ಸೊಸೆಯಾಗಿ ಬರುವ ಹೊತ್ತಿಗೆ ಎತ್ತು ಹೋಗಿ ಟಿಲ್ಲರ್ ಬಂದಿತ್ತು. ಆದರೂ ಅದರ ಹಿಡಿಕೆಯನ್ನು ಅವರು ಬೇರೆಯವರ ಕೈಗೆ ಕೊಟ್ಟದ್ದನ್ನು ನಾನು ನೋಡಿದವಳಲ್ಲ. ನನ್ನ ಗಂಡನಿಗೂ ಕೊಡುತ್ತಿರಲಿಲ್ಲ.

ಅಂಥವರಿಗೆ ಒಂದು ವರ್ಷ ನಾವು, "ಉಳಬೇಡಿ" ಅಂದೆವು.

ನಮ್ಮದು ಸಣ್ಣ ಹಿಡುವಳಿ. ಮನೆಯ ಸುತ್ತ ಸ್ವಲ್ಪ ಕಾಫಿ, ಮೆಣಸು. ಅದರ ಕೆಳಗೆ ತೋಡಿನವರೆಗೆ, ಅಂದರೆ ಸಣ್ಣ ಹಳ್ಳದವರೆಗೆ, ಇಳಿಯುವ ಒಂದು ಇಳಿಜಾರು ಹೊಲ. ಹಿಂದೆ ಅದರಲ್ಲಿ ರಾಗಿ, ಆಮೇಲೆ ಮುಸುಕಿನ ಜೋಳ ಬೆಳೆಯುತ್ತಿದ್ದರು. ನಡುವೆ ಎರಡು ಸಲ ಅದನ್ನು ಶುಂಠಿಗೆ ಗೇಣಿ ಕೊಟ್ಟದ್ದೂ ಆಯಿತು. ಶುಂಠಿಯವರು ಮೊಣಕಾಲುದ್ದ ಅಗೆದು ಏರಿ ಮಾಡುತ್ತಾರೆ, ಸಿಕ್ಕಿದ ಔಷಧಿಯನ್ನೆಲ್ಲ ಸುರಿಯುತ್ತಾರೆ, ಗಡ್ಡೆ ಕಿತ್ತುಕೊಂಡು ಹೊರಟುಹೋಗುತ್ತಾರೆ. ಆಮೇಲೆ ಆ ಮಣ್ಣು ಬೇಸಿಗೆಯಲ್ಲಿ ಹಂಚಿನ ಹಾಗೆ ಗಟ್ಟಿ, ಮಳೆಗಾಲದಲ್ಲಿ ಗಂಜಿಯ ಹಾಗೆ ತೆಳು. ಜೋಳ ಮೊಣಕಾಲೆತ್ತರಕ್ಕೇ ಹಳದಿಗೆ ತಿರುಗುತ್ತಿತ್ತು. ಆಷಾಢದ ಮಳೆಗೆ ಹೊಲದಿಂದ ತೋಡಿಗೆ ಇಳಿಯುವ ನೀರು ಕುಂಕುಮ ಕದಡಿದ ಹಾಗೆ ಕೆಂಪು. ಮಣ್ಣು ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲ ಎಂಬುದರ ಮುಂದೆ 'ಕಡಿಮೆ' ಎಂದು ಬರೆದಿದ್ದರು. ಮಾವ ಅದನ್ನು ಓದಿಸಿ ಕೇಳಿ, "ಗೊಬ್ಬರ ಕಡ್ಮೆ ಆಗದೆ ಅಂತ ಹೇಳಕ್ಕೆ ಕಾಗ್ದ ಯಾಕೆ?" ಅಂದು, ಇನ್ನೂ ಆಳ ಉಳುವುದಕ್ಕೆ ಶುರು ಮಾಡಿದರು. ಗಟ್ಟಿಯಾದ ಮಣ್ಣಿಗೆ ಅವರಿಗೆ ಗೊತ್ತಿದ್ದ ಮದ್ದು ಅದೊಂದೇ.

ಆ ವರ್ಷ ಮೆಣಸು ಕೊಯ್ಯುವಾಗ ನನ್ನ ಗಂಡ ಏಣಿಯಿಂದ ಬಿದ್ದರು. ನಮ್ಮಲ್ಲಿ ಮೆಣಸು ಕೊಯ್ಯುವುದು ಒಂಟಿ ಬಿದಿರಿನ ಏಣಿಯಲ್ಲಿ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ ತಿರುಗಿತು, ಅಷ್ಟೇ. ನಾನು ಸುಂಟಿಕೊಪ್ಪದಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಮೆಷಿನ್ ತುಳಿಯುತ್ತಿದ್ದಾಗ ಫೋನು ಬಂತು. ಓಡಿ ಹೋಗುವ ಹೊತ್ತಿಗೆ ಜೀಪಿನ ಹಿಂದೆ ಮಲಗಿಸಿದ್ದರು. ಮುಖ ಸುಣ್ಣದ ಹಾಗಾಗಿತ್ತು. ತೊಡೆಯ ಮೂಳೆ ಮುರಿದಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಮಳೆಗಾಲ ಕಳೆಯುವ ತನಕ ಭಾರ ಎತ್ತುವುದು, ಇಳಿಜಾರಿನಲ್ಲಿ ನಡೆಯುವುದು ಬೇಡವೇ ಬೇಡ ಎಂದು ಹೇಳಿ ಕಳಿಸಿದರು.

ಒಳಗಿನ ಕೋಣೆಯಲ್ಲಿ ಮಲಗಿಸಿದರೆ ಗೋಡೆ ನೋಡಿಕೊಂಡೇ ಇರುತ್ತಿದ್ದರು. ಮಾತಿಲ್ಲ, ಊಟ ಸೇರುವುದಿಲ್ಲ. ಒಂದು ದಿನ ನೀರು ಕೊಡಲು ಹೋದಾಗ, "ಸುಮಿತ್ರ, ನಾನು ಇನ್ನೆಂತಕ್ಕೆ ಆಗ್ತೀನಿ?" ಅಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ಹೆದರಿಕೆಯಾಯಿತು. ಅದೇ ದಿನ ಮಾವನೂ ನಾನೂ ಸೇರಿ ಮಂಚವನ್ನು ಜಗಲಿಗೆ ತಂದು ಹಾಕಿದೆವು. ಅಲ್ಲಿಂದ ಇಳಿಜಾರು ಹೊಲ ತೋಡಿನವರೆಗೂ ಕಾಣುತ್ತದೆ.

ಹೊಲ ನೋಡುವುದು, ಫೋನು ನೋಡುವುದು. ಅವರಿಗೆ ಬೇರೆ ಕೆಲಸವಿರಲಿಲ್ಲ. ಫೋನಿನಲ್ಲಿ ಮೊದಮೊದಲು ಕಾಮಿಡಿ ನೋಡುತ್ತಿದ್ದವರು ಬರಬರುತ್ತಾ ಬೇಸಾಯದ ವಿಡಿಯೋಗಳಿಗೆ ಬಿದ್ದರು. ಎಲ್ಲಿಯೋ ಒಬ್ಬರು ರೈತರು ಹೊಲ ಉಳದೆ ಬೆಳೆ ತೆಗೆಯುವುದನ್ನು ಹೇಳುತ್ತಿದ್ದರಂತೆ. ನಾನು ರಾತ್ರಿ ಅಡುಗೆಗೆ ತರಕಾರಿ ಹೆಚ್ಚುತ್ತಾ ಕೂತರೆ ಅದೇ ಕಥೆ. ಮಾತು ಬಂತಲ್ಲ ಎಂಬ ಖುಷಿಗೆ ನಾನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ.

"ಬೂದಿ ಮುಚ್ಚಿದ ಕೆಂಡ ಬೆಳಗಿನ ತನಕ ಇರ್ತದೆ ಅಲ್ವಾ? ಕೆದಕಿ ಊದಿದ್ರೆ?"

"ಬೇಗ ಉರಿದು ಹೋಯ್ತದೆ."

"ಮಣ್ಣೂ ಹಂಗೇ ಕಣೆ. ಎಲೆ, ಬೇರು, ಸೊಪ್ಪು ಕೊಳೆತು ಆದ ಸತ್ವ ಒಳಗೆ ಇರ್ತದೆ. ನಾವು ಉತ್ತು ಉತ್ತು ಗಾಳಿ ಬಿಸಿಲಿಗೆ ತೆಗೀತೀವಿ. ಅದು ಒಳಗೊಳಗೇ ಉರಿದು ಗಾಳಿಗೆ ಹೋಯ್ತದೆ. ಉಳದೆ ಬಿಟ್ಟು, ಮೇಲೆ ಏನಾದ್ರೂ ಹಸಿರು ಹೊದಿಸಿದ್ರೆ ಅದು ನಿಲ್ತದೆ. ಮಣ್ಣನ್ನ ಬರಿ ಮೈಯಲ್ಲಿ ಬಿಡಬಾರದು."

ಬಟ್ಟೆ ಹೊಲಿಯುವವಳಿಗೆ ಆ ಕೊನೆಯ ಮಾತು ಹಿಡಿಸಿತು.

ಮಾವನಿಗೆ ಹಿಡಿಸಲಿಲ್ಲ. ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ ಅವರು ಟಿಲ್ಲರಿಗೆ ಡೀಸೆಲ್ ಹಾಕುತ್ತಿದ್ದರು. ಮಂಚದಿಂದ ಇವರು, "ಅಪ್ಪಾ, ಈ ವರ್ಷ ಉಳಬ್ಯಾಡ" ಅಂದರು.

"ಏನಂದೆ?"

"ಉಳಬ್ಯಾಡ ಅಂದೆ. ಹಂಗೇ ಮೇಲೆ ಸೆಣಬು, ಅಲಸಂದೆ ಚೆಲ್ಲಾನ. ಮಳೆಗಾಲಕ್ಕೆ ಮುಂಚೆ ಕೊಯ್ದು ಅಲ್ಲೇ ಮಲಗಿಸಿ, ಅದರೊಳಗೇ ಜೋಳ ಊರಾನ."

ಮಾವ ಡೀಸೆಲ್ ಕ್ಯಾನನ್ನು ಕೆಳಗಿಟ್ಟರು. ನಗುತ್ತಾರೇನೋ ಅಂದುಕೊಂಡೆ. ಅವರ ಮುಖ ಕೆಂಪಾಯಿತು. "ಉಳದೆ ಬಿಟ್ಟ ಹೊಲ ಅಂದ್ರೆ ಊರೋರು ಏನಂತಾರೆ ಗೊತ್ತಾ? ಆ ಮನೇಲಿ ಗಂಡಸಿಲ್ಲ ಅಂತಾರೆ!"

ಹೇಳಿದ ಕೂಡಲೇ ಅವರಿಗೇ ಗೊತ್ತಾಯಿತು. ಮಂಚದ ಮೇಲೆ ಕಾಲು ಚಾಚಿಕೊಂಡಿದ್ದ ಮಗ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಮಾವ ಟಿಲ್ಲರನ್ನೂ ಸ್ಟಾರ್ಟ್ ಮಾಡದೆ, ತೋಟದೊಳಗೆ ಹೋಗಿಬಿಟ್ಟರು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಅಂದಿನಿಂದ ಅಪ್ಪ ಮಗ ನನ್ನ ಮೂಲಕವೇ ಮಾತಾಡತೊಡಗಿದರು. "ಕಾಫಿ ಬೇಕಾ ಕೇಳು", "ಮಾತ್ರೆ ತಗೊಂಡ್ನಾ ಕೇಳು". ಒಂದೇ ಜಗಲಿಯಲ್ಲಿ ಎರಡು ಕೈ ಅಂತರದಲ್ಲಿ ಕೂತುಕೊಂಡು ಇದು.

ಅಂಥದ್ದರಲ್ಲಿ ಶುಂಠಿಯ ಬಿಜು ಬಂದ. ಮಾಕುಟ್ಟ ದಾಟಿ ಕೇರಳದ ಇರಿಟ್ಟಿ ಕಡೆಯವನು. ಹಿಂದೆ ನಮ್ಮ ಹೊಲದಲ್ಲಿ ಶುಂಠಿ ಹಾಕಿದವನು ಅವನೇ. ಇವರು ಬಿದ್ದ ಸುದ್ದಿ ಕೇಳಿ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದ. ಹೊಲ ಖಾಲಿ ಬಿದ್ದಿದ್ದನ್ನು ನೋಡಿ, ಸಂಕೋಚದಿಂದಲೇ, "ಕೊಡೂದಾದ್ರೆ ನಾನು ಹಾಕ್ತೇನೆ ಅಣ್ಣ, ಸುಮಾರು ವರ್ಷ ಆಯ್ತಲ್ಲ" ಅಂದ.

"ಕೊಡಾನ," ಅಂದರು ಮಾವ. "ಉಳದೆ ಬೀಳು ಬಿಡಾದಕ್ಕಿಂತ ಅದೇ ವಾಸಿ."

ಇವರು ಬಿಜುವನ್ನು ಕೇಳಿದರು: "ಬಿಜು, ಇದು ನಿನ್ನ ಸ್ವಂತ ಜಾಗ ಆಗಿದ್ರೆ ನೀನು ಇದರಲ್ಲಿ ಶುಂಠಿ ಹಾಕ್ತಿದ್ಯಾ?"

ಬಿಜು ಕಿತ್ತಳೆಯ ಚೀಲವನ್ನು ಮಡಚಿದ, ಬಿಡಿಸಿದ. "ನನಗೆ ಸ್ವಂತ ಜಾಗ ಇಲ್ಲ ಅಲ್ವಾ ಅಣ್ಣ," ಅಂದ. ಮತ್ತೊಮ್ಮೆ ಚೀಲ ಮಡಚಿ, "ಇದ್ದಿದ್ದರೆ ಹಾಕ್ತಿರಲಿಲ್ಲ" ಅಂದ.

 ನಾನು ಅವನಿಗೆ ಕಾಫಿ ಕೊಟ್ಟೆ. ಅವನು ಕುಡಿದು, ಇವರ ಕಾಲಿನ ಕಡೆ ನೋಡಿ, ಬೇಗ ಗುಣವಾಗಲಿ ಎಂದು ಹೇಳಿ ಹೋದ. ಅವನು ಗೇಟು ದಾಟುವುದನ್ನು ಮಾವ ನೋಡುತ್ತಲೇ ಇದ್ದರು. "ಪಾಪದೋನು," ಅಂದರು.

ಇದೇ ಹೊತ್ತು ಅಂತ ನಾನು ಬಾಯಿ ಹಾಕಿದೆ. "ಮಾವ, ಮೇಲಿನರ್ಧ ನಿಮ್ದು. ಉತ್ಕೊಳ್ಳಿ. ಕೆಳಗಿನರ್ಧ ಇವ್ರು ಹೇಳ್ದಂಗೆ ನಾನು ಮಾಡ್ತೀನಿ. ಒಂದು ವರ್ಷ ನೋಡಾನ. ಇವ್ರಿಗೆ ಮಲಗಿದ ಕಡೆ ನೋಡಕ್ಕೆ ಏನಾದ್ರೂ ಒಂದು ಬೇಕು."

ಕೊನೆಯ ಮಾತನ್ನು ಮೆಲ್ಲಗೆ ಹೇಳಿದ್ದೆ. ಮಾವ ನನ್ನ ಮುಖ ನೋಡಿದರು. "ಆಯ್ತು ಕಣವ್ವ," ಅಂದರು. ಅಷ್ಟೇ.

ಹೀಗೆ ಹೊಲ ಎರಡಾಯಿತು. ಮೇಲಿನ ಅರ್ಧವನ್ನು ಮಾವ ಬಾಚಣಿಗೆಯಲ್ಲಿ ಬಾಚಿದ ಹಾಗೆ ಉತ್ತರು. ಕೆಳಗಿನರ್ಧದಲ್ಲಿ ನಾನೂ, ಹತ್ತಿರದ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಿಂದ ಕೆಲಸಕ್ಕೆ ಬರುವ ಪಾಪಾತಿಯೂ ಸೇರಿ ಕಳೆ ಸವರಿ, ಮಳೆ ನೋಡಿಕೊಂಡು ಸೆಣಬು, ಅಲಸಂದೆ, ಹುರುಳಿ ಮೂರನ್ನೂ ಬೆರೆಸಿ ಚೆಲ್ಲಿದೆವು. ನಾನು ಚೆಲ್ಲಿದ್ದು ಒಂದು ಕಡೆ ಒತ್ತು, ಒಂದು ಕಡೆ ಬೋಳು. ಜಗಲಿಯಿಂದ ಇವರು, "ಎಡಗಡೆ, ಎಡಗಡೆ" ಎಂದು ಕೂಗುವುದು. ಇಳಿಜಾರಿನಲ್ಲಿ ನಿಂತವಳಿಗೆ ಯಾವ ಎಡ ಎಂದು ತಿಳಿಯದೆ ನಾನು ತಿರುಗಿ ಬೈಯುವುದು. ಪಾಪಾತಿ ಬಿದ್ದು ಬಿದ್ದು ನಕ್ಕಳು. "ಅಕ್ಕ, ಅಣ್ಣ ಮಲಗಿಬಿಟ್ಟೇ ಮೇಸ್ತ್ರಿ ಕೆಲಸ ಮಾಡ್ತಾರೆ ನೋಡಿ!"

ಭರಣಿ ಮಳೆ ಕೈಕೊಡಲಿಲ್ಲ. ಸೆಣಬು ಎದೆಮಟ್ಟ ಬಂದು ಹಳದಿ ಹೂ ಬಿಟ್ಟಿತು. ಅದನ್ನು ಹೂ ಬರುವಾಗಲೇ ಕೊಯ್ದು ಮಲಗಿಸಬೇಕು ಎಂದು ಇವರು ದಿನಾ ಹೇಳುತ್ತಿದ್ದರು. ಆದರೆ ಮದುವೆಗಳ ಕಾಲ. ನನ್ನ ಅಂಗಡಿಯಲ್ಲಿ ರವಿಕೆಗಳ ರಾಶಿ. ಪಾಪಾತಿಗೆ ಎಸ್ಟೇಟಿನಲ್ಲಿ ಕೆಲಸ. ನಾವು ಕುಡುಗೋಲು ಹಿಡಿದು ಇಳಿಯುವಷ್ಟರಲ್ಲಿ ದಂಟು ನಾರು ಬಲಿತಿತ್ತು. ಕೈ ಬೊಬ್ಬೆ ಬಂತು. ಕೊಯ್ದದ್ದನ್ನು ಅಲ್ಲಲ್ಲೇ ಚಾಪೆಯ ಹಾಗೆ ಹಾಸಿ, ಚೂಪು ಗೂಟದಲ್ಲಿ ತೂತು ಮಾಡಿ ಜೋಳದ ಬೀಜ ಊರಿದೆವು. ಮೇಲಿನರ್ಧದಲ್ಲಿ ಮಾವ ಇನ್ನೊಮ್ಮೆ ಉತ್ತು, ಸಾಲು ಹೊಡೆದು ಬಿತ್ತಿದರು.

ಮೃಗಶಿರೆಯಲ್ಲಿ ಎರಡೂ ಕಡೆ ಮೊಳಕೆ ಬಂತು. ಆಮೇಲೆ ಮಾವನ ಜೋಳ ಹಸಿರು ಹಸಿರಾಗಿ ಎದ್ದು ನಿಂತಿತು. ನಮ್ಮದು ಹಳದಿಯಾಯಿತು. ದಿನ ಕಳೆದಂತೆ ಇನ್ನೂ ಹಳದಿಯಾಯಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ, "ಈರಪ್ಪಣ್ಣ, ಕೆಳಗಡೆ ಏನು, ಕಾಡು ಬಿಟ್ಟಿದ್ದೀರಾ?" ಎಂದು ಕೇಳುತ್ತಿದ್ದರು. ಬಲಿತ ದಂಟನ್ನು ಕೊಳೆಸುವ ಹುಳಹುಪ್ಪಟೆಗಳೇ ಗಿಡಕ್ಕೆ ಸೇರಬೇಕಾದ ಮಣ್ಣಿನ ಸಾರವನ್ನು ಮೊದಲು ತಿಂದುಬಿಡುತ್ತವೆ, ಸ್ವಲ್ಪ ದಿನ ಹೀಗೇ ಎಂದು ಇವರು ಫೋನಿನಲ್ಲಿ ಕಂಡದ್ದನ್ನು ಹೇಳಿದರು. ಆದರೆ ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ವಿಡಿಯೋ ನೋಡುವುದು ಕಡಿಮೆಯಾಯಿತು. ಒಂದು ಸಂಜೆ, "ಮಂಚ ಒಳಗೆ ಹಾಕು, ಎರಚಲು ಹೊಡೀತದೆ" ಅಂದರು. ಎರಚಲು ಇರಲಿಲ್ಲ. ನಾನು ಕೇಳಿಸದವಳ ಹಾಗೆ ಒಳಗೆ ಹೋದೆ.

ಅದೇ ವಾರ ಅಂಗಡಿಯಿಂದ ಮಧ್ಯಾಹ್ನವೇ ಮನೆಗೆ ಬಂದಿದ್ದೆ. ಮಳೆ ಬಿಟ್ಟಿತ್ತು. ಇವರು ಮಾತ್ರೆ ತಿಂದು ಮಲಗಿದ್ದರು. ಕೊಟ್ಟಿಗೆಯ ಹಿಂದಿನ ದಾರಿಯಲ್ಲಿ ಮಾವ ಬಕೆಟು ಹಿಡಿದುಕೊಂಡು ಇಳಿದು ಹೋಗುವುದು ಕಾಣಿಸಿತು. ಹಿಂದೆಯೇ ಹೋದೆ. ಅವರು ತಮ್ಮ ಹಸಿರು ಸಾಲುಗಳನ್ನು ದಾಟಿ, ನಮ್ಮ ಹಳದಿ ಜೋಳದ ನಡುವೆ ಬಗ್ಗಿ, ಒಂದೊಂದು ಬುಡಕ್ಕೂ ಕೊಳೆಸಿದ ಸಗಣಿ ಗಂಜಳವನ್ನು ತೆಂಗಿನ ಚಿಪ್ಪಿನಲ್ಲಿ ಹುಯ್ಯುತ್ತಿದ್ದರು. ನನ್ನನ್ನು ಕಂಡು ನೆಟ್ಟಗಾದರು. ಸೊಂಟ ಹಿಡಿದಿತ್ತೇನೋ, ಮುಖ ಹಿಂಡಿದರು.

"ಮಾವ, ಇದು ನಮ್ಮ ಕಡೆ."

"ಗೊತ್ತು ಕಣವ್ವ." ಚಿಪ್ಪನ್ನು ಬಕೆಟಿಗೆ ಹಾಕಿದರು. "ಅವ್ನು ದಿನಾ ಇದನ್ನೇ ನೋಡ್ತಾ ಮಲಗವ್ನೆ. ಇದೂ ಒಣಗಿಹೋದ್ರೆ ಅವ್ನು ಇನ್ನೇನು ನೋಡ್ಬೇಕು?"

ನಾನು ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಬಕೆಟು ತಂದೆ. ಅವತ್ತಿನಿಂದ ಇವರು ಮಲಗಿದ ಹೊತ್ತು ನೋಡಿಕೊಂಡು ಇಬ್ಬರೂ ಹುಯ್ದೆವು. ಜೋಳ ನಿಧಾನಕ್ಕೆ ಬಣ್ಣ ತಿರುಗಿತು. ಒಂದು ದಿನ ಬೆಳಿಗ್ಗೆ ಇವರು ಮಂಚದ ಮೇಲೆ ಎದ್ದು ಕೂತು, "ನೋಡ್ದಾ, ನಾನು ಹೇಳ್ಲಿಲ್ವಾ? ಕೊಳೆಯೋದು ಮುಗೀತು. ಈಗ ಹಸಿರಾಯ್ತು!" ಅಂದರು. ಮಾವ ಬೀಡಿ ಹಚ್ಚುತ್ತಾ, "ಹೌದೌದು, ಆಗದೆ" ಅಂದರು. ಅಪ್ಪ ಮಗ ನೇರವಾಗಿ ಮಾತಾಡಿದ್ದು ಎಷ್ಟೋ ದಿನದ ಮೇಲೆ ಅದೇ ಮೊದಲು. ಸಗಣಿಯ ವಿಷಯವನ್ನು ನಾನು ಬಾಯಿ ಬಿಡಲಿಲ್ಲ.

ಪುನರ್ವಸು ಮಳೆ ಹಿಡಿಯಿತು ನೋಡಿ. ಹಗಲು ರಾತ್ರಿ ಎನ್ನದೆ ಸುರಿಯಿತು. ಮಡಿಕೇರಿಯ ಕಡೆ ಗುಡ್ಡ ಜಾರುತ್ತಿದೆ, ಬಸ್ಸು ನಿಂತಿದೆ ಎಂದು ಸುದ್ದಿ. ಕರೆಂಟು ಹೋಗಿ, ಜನರ ಓಡಾಟವೂ ನಿಂತು, ನಾನು ಅಂಗಡಿಯ ಬಾಗಿಲು ತೆಗೆದದ್ದೇ ಇಲ್ಲ. ಮನೆಯಲ್ಲಿ ಕೂತು ಜಗಲಿಯಿಂದ ಹೊಲ ನೋಡುವುದೇ ಕೆಲಸವಾಯಿತು. ಹೊಲವೂ ಸರಿಯಾಗಿ ಕಾಣುತ್ತಿರಲಿಲ್ಲ, ಬಿಳಿ ಪರದೆ ಎಳೆದ ಹಾಗಿತ್ತು.

ಮಳೆ ಸ್ವಲ್ಪ ಬಿಡುವು ಕೊಟ್ಟ ಬೆಳಿಗ್ಗೆ ಮಾವ ಕೊಪ್ಪೆ ಹೊದ್ದು ಇಳಿದು ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಛತ್ರಿ ಹಿಡಿದು ಹೋಗಿ ನೋಡಿದರೆ ಮೇಲಿನರ್ಧದಲ್ಲಿ ನಿಂತಿದ್ದರು. ಅವರ ಸಾಲುಗಳ ನಡುವೆ ನೀರು ಕೊರೆದು ಮಾಡಿದ ಚರಂಡಿಗಳು. ಒಂದು ಕಡೆ ಸಾಲಿಗೆ ಸಾಲೇ ಇರಲಿಲ್ಲ, ಹಸಿರು ಜೋಳ ಬೇರು ಮೇಲಾಗಿ ಬಿದ್ದಿತ್ತು. ಅಡಿಯ ಗಟ್ಟಿ ಕೆಂಪು ನೆಲ ಎಲುಬಿನ ಹಾಗೆ ಕಾಣುತ್ತಿತ್ತು. ಮಾವ ಅದನ್ನು ನೋಡುತ್ತಿರಲಿಲ್ಲ. ಎರಡೂ ಅರ್ಧಗಳು ಸೇರುವ ಕಡೆ ನೋಡುತ್ತಿದ್ದರು. ಮೇಲಿನಿಂದ ಕೊಚ್ಚಿ ಬಂದ ಮಣ್ಣು ನಮ್ಮ ಸೆಣಬಿನ ಹಾಸಿಗೆಗೆ ತಡೆದು ಉದ್ದಕ್ಕೂ ದಿಂಡಿನ ಹಾಗೆ ನಿಂತಿತ್ತು. ಕೊಳೆತ ದಂಟುಗಳ ಕೆಳಗಿನಿಂದ ತೋಡಿಗೆ ನೀರು ಜಿನುಗುತ್ತಿತ್ತು. ತಿಳಿಯಾಗಿತ್ತು ಎಂದರೆ ಸುಳ್ಳಾದೀತು, ಚಹದ ಬಣ್ಣವಿತ್ತು. ಆದರೆ ಕೆಂಪಾಗಿರಲಿಲ್ಲ.

ಮನೆಗೆ ಬಂದು ಕೊಪ್ಪೆ ತೆಗೆದು ನೇತು ಹಾಕಿ, ಮಗನ ಮಂಚದ ತುದಿಯಲ್ಲಿ ಕೂತರು. ಒದ್ದೆ ಪಂಚೆಯಲ್ಲೇ.

"ನನ್ ಮಣ್ಣೆಲ್ಲ ಬಂದು ನಿನ್ ಹತ್ರ ಕೂತದೆ ಕಣ್ಲಾ," ಅಂದರು.

"ಏನಪ್ಪ?"

"ಮೇಲಿಂದ ಇಳಿದಿದ್ದನ್ನೆಲ್ಲ ನಿನ್ ಕಸ ಹಿಡ್ಕೊಂಡದೆ. ಇಲ್ಲ ಅಂದಿದ್ರೆ ಇಷ್ಟೊತ್ತಿಗೆ ಕಾವೇರಿ ಸೇರೋದು." ಪಂಚೆಯ ತುದಿ ಹಿಂಡುತ್ತಾ, "ಎಷ್ಟ್ ವರ್ಷ ಹಂಗೇ ಕಳಿಸ್ಬಿಟ್ನೋ," ಅಂದರು.

ಇವರು ಗೆದ್ದೆ ಎಂಬ ಹಾಗೆ ಏನೂ ಹೇಳಲಿಲ್ಲ. ಅಪ್ಪನ ಒದ್ದೆ ತಲೆಯನ್ನು ನೋಡಿ, "ಟವೆಲ್ ಕೊಡೆ, ಅಪ್ಪಂಗೆ ಶೀತ ಆಯ್ತದೆ" ಅಂದರು.

ಹಸ್ತ ಮಳೆಯ ಹೊತ್ತಿಗೆ ಇವರು ಊರುಗೋಲು ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದರು. ಜೋಳ ಹಾಲುಕಟ್ಟಿತ್ತು. ಮಾವನ ಕಡೆ ಉಳಿದಿದ್ದ ಜೋಳವೇ ತೆನೆಯಲ್ಲಿ ದಪ್ಪ. ನಮ್ಮದು ಸಣ್ಣದು, ಆದರೆ ಪೂರ್ತಿ ಹೊಲ ನಿಂತಿತ್ತು. ಕಟಾವಿಗೆ ಇನ್ನು ಸ್ವಲ್ಪವೇ ದಿನ ಎನ್ನುವಾಗ ಒಂದು ಬೆಳಿಗ್ಗೆ ಪಾಪಾತಿ ಓಡಿ ಬಂದು, "ಅಕ್ಕ, ಹಂದಿ! ಎಲ್ಲ ಹೋಯ್ತು!" ಅಂದಳು.

ಇವರಿಗೆ ಕೂತಿರಲಾಗಲಿಲ್ಲ. ಡಾಕ್ಟರು ಬೇಡ ಅಂದಿದ್ದರು, ನಾನೂ ಬೇಡ ಅಂದೆ. ಊರುಗೋಲು ಊರಿಕೊಂಡು, ನನ್ನ ಹೆಗಲು ಹಿಡಿದು, ಇಳಿಜಾರನ್ನು ಇಳಿದೇಬಿಟ್ಟರು. ಬಿದ್ದ ಮೇಲೆ ಹೊಲಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು. ಕೆಳಗಿನರ್ಧದ ತೋಡಿನ ಕಡೆಯ ಭಾಗ ಯಾರೋ ಗುದ್ದಲಿಯಿಂದ ಅಗೆದು ಹಾಕಿದ ಹಾಗಿತ್ತು. ಜೋಳದ ಗಿಡಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಹಾಸಿದ ಕಸ ಚೆಲ್ಲಾಪಿಲ್ಲಿ. ಇವರು ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು. "ಇನ್ನೇನದೆ," ಅಂದರು.

ಮಾವ ಆಗಲೇ ಬಂದು ಆ ಅಗೆತದ ನಡುವೆ ಮೊಣಕಾಲೂರಿದ್ದರು. ಕಳಚಿ ಬಿದ್ದ ತೆನೆಯೊಂದನ್ನು ಎತ್ತಿ ನೋಡಿದರು. ತಿಂದಿರಲಿಲ್ಲ. ಇನ್ನೊಂದನ್ನು ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಬೊಗಸೆ ತುಂಬ ಮಣ್ಣು ಎತ್ತಿಕೊಂಡು ಮಗನ ಹತ್ತಿರ ಬಂದರು.

"ಜೋಳಕ್ಕೆ ಬಂದಿಲ್ಲ ಕಣೋ ಇವು. ನೋಡಿಲ್ಲಿ."

ಬೊಗಸೆಯಲ್ಲಿ ಎರೆಹುಳುಗಳು ಒಂದರೊಳಗೊಂದು ಸುತ್ತಿಕೊಂಡು ಮಿಸುಕಾಡುತ್ತಿದ್ದವು. ಮಣ್ಣು ಕಪ್ಪಗೆ, ಪುಡಿಪುಡಿಯಾಗಿ, ರವೆಯ ಹಾಗೆ ಉದುರುತ್ತಿತ್ತು. ಮೇಲಿನ ಎರಡು ಬೆರಳಷ್ಟು ಮಾತ್ರ ಹಾಗೆ. ಅದರ ಕೆಳಗೆ ಅದೇ ಹಳೆಯ ಹಂಚು.

"ಶುಂಠಿ ಹಾಕಿದ್ಮೇಲೆ ಹಂದಿ ಈ ಹೊಲಕ್ಕೆ ಮೂತಿ ಹಾಕಿದ್ದೇ ನಾನು ನೋಡಿಲ್ಲ. ಇಲ್ಲೇನಿತ್ತು ಅಂತ ಬರ್ಬೇಕಿತ್ತು ಅವು?" ಮಾವನ ಗಡ್ಡ ಅಲುಗಾಡತೊಡಗಿತು. ನಗುತ್ತಿದ್ದರು. "ನೀನು ಉಳಬ್ಯಾಡ ಅಂದೆ. ಅವು ಬಂದು ಉತ್ಬಿಟ್ಟವೆ!"

ಇವರು ಮೊದಲು ಅಪ್ಪನ ಮುಖ ನೋಡಿದರು. ಆಮೇಲೆ ಕಣ್ಣೀರು ಸುರಿಸಿಕೊಂಡೇ ನಕ್ಕರು. ಪಾಪಾತಿಗೂ ನನಗೂ ಇದೇನೆಂದು ತಿಳಿಯದೆ ನಾವೂ ನಕ್ಕೆವು. ಬಿದ್ದ ತೆನೆಗಳನ್ನು ಆರಿಸಿ ಮನೆಗೆ ತಂದು ಒಲೆಯಲ್ಲಿ ಸುಟ್ಟು ತಿಂದೆವು.

ಕಟಾವಿಗೆ ಮುಂಚೆ, ನಿಂತ ಜೋಳದ ನಡುವೆಯೇ ಹುರುಳಿ ಚೆಲ್ಲಬೇಕೆಂದು ಇವರು ಹೇಳಿದಾಗ ಚೆಲ್ಲಿದವರು ಮಾವ. ಪಂಚೆಯ ಮಡಿಲಲ್ಲಿ ಬೀಜ ಕಟ್ಟಿಕೊಂಡು ಎರಡೂ ಅರ್ಧಕ್ಕೆ ಚೆಲ್ಲಿದರು. ಕಟಾವು ಮುಗಿದಾಗ ಹೊಲ ಬೋಳಾಗಲಿಲ್ಲ, ಹುರುಳಿಯ ಬಳ್ಳಿ ನೆಲ ಮುಚ್ಚಿತ್ತು. ಜೋಳದ ಫಸಲೇನೂ ಹೇಳಿಕೊಳ್ಳುವಂತಿರಲಿಲ್ಲ.

ಬೇಸಿಗೆಯ ಆರಂಭದಲ್ಲಿ ಅಪ್ಪ ಮಗ ಇಬ್ಬರೂ ಸೇರಿ ಕೆಳಗಿನರ್ಧದ ಮಣ್ಣನ್ನು ಪರೀಕ್ಷೆಗೆ ಕೊಟ್ಟು ಬಂದರು. ಇವರಿಗೆ ಎಲ್ಲಿಲ್ಲದ ನಿರೀಕ್ಷೆ. ಫಲಿತಾಂಶ ಬಂದಾಗ ಮತ್ತೆ ಅದೇ 'ಕಡಿಮೆ'. ಅಲ್ಲಿದ್ದ ಹುಡುಗಿ ಒಳ್ಳೆಯವಳು. ಸಾವಯವ ಅಂಶ ಒಂದು ವರ್ಷಕ್ಕೆ ಏರುವಂಥದ್ದಲ್ಲ, ಹೋಗುವುದು ಬೇಗ, ಬರುವುದು ಬಹಳ ನಿಧಾನ, ಬಿಡದೆ ಮಾಡಿ ಎಂದು ಸಮಾಧಾನ ಹೇಳಿದಳಂತೆ.  ಮನೆಗೆ ಬಂದು ಮುಖ ಇಳಿಬಿಟ್ಟು ಜಗಲಿಯಲ್ಲಿ ಕೂತ ಇವರಿಗೆ ಮಾವ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ.

"ನಲವತ್ತೈವತ್ತು ವರ್ಷ ನಾನು ಕಳ್ದಿದ್ದನ್ನ ನೀನು ಒಂದು ವರ್ಷಕ್ಕೆ ತಂದ್ಬಿಡ್ತೀಯಾ? ನಿನ್ ಮೂಳೆ ಕೂಡಕ್ಕೇ ಎಷ್ಟು ದಿನ ಬೇಕಾಯ್ತು? ಸುಮ್ನೆ ಮುಂದುವರ್ಸು."

"ಮೇಲಿನರ್ಧ?"

"ಅದನ್ನೂ ತಗೋ." ಬೀಡಿ ಎಳೆದು ಹೊಗೆ ಬಿಟ್ಟ ಮೇಲೆ, "ಒಂದ್ ಮಾತು," ಅಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಕೊಟ್ಟಿಗೆ ಹಿಂದೆ ಒಂದು ಪಟ್ಟಿ ನಂಗೆ ಬಿಟ್ಕೊಡು. ಯುಗಾದಿಗೆ ಹೊನ್ನಾರು ಕಟ್ಬೇಕಲ್ಲ. ಒಂದ್ನಾಲ್ಕು ಸಾಲು ಉತ್ಕೊಂಡು ಸೊಪ್ಪುಗಿಪ್ಪು ಹಾಕ್ಕೋತೀನಿ. ಪೂರ್ತಿ ಬಿಟ್ಬಿಡು ಅಂದ್ರೆ ನಂಗಾಗಕಿಲ್ಲ ಕಣಪ್ಪ."

ವರ್ಷದ ಮೊದಲ ಉಳುಮೆಗೆ ನಮ್ಮ ಕಡೆ ಹೊನ್ನಾರು ಅನ್ನುತ್ತಾರೆ. ಯುಗಾದಿಯ ದಿನ ಮಾವ ಸ್ನಾನ ಮಾಡಿ, ಟಿಲ್ಲರಿಗೆ ಹೂವಿಟ್ಟು ಕೈಮುಗಿದು, ಕೊಟ್ಟಿಗೆ ಹಿಂದಿನ ಆ ಪಟ್ಟಿಯನ್ನು ಉತ್ತರು. ಆಮೇಲೆ ಮಗನ ಹೆಗಲ ಮೇಲೆ ಕೈ ಹಾಕಿ ಇಳಿಜಾರಿಗೆ ಇಳಿದು, ಇಬ್ಬರೂ ಸೇರಿ ಮೇಲಿನರ್ಧಕ್ಕೂ ಸೆಣಬಿನ ಬೀಜ ಚೆಲ್ಲಿದರು. ಇವರಿನ್ನೂ ಕುಂಟುತ್ತಿದ್ದರು, ಈಗಲೂ ಸ್ವಲ್ಪ ಕುಂಟುತ್ತಾರೆ.

ಮಾವ ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಇಳಿಜಾರು ಹೊಲವನ್ನು ನಾವು ಮತ್ತೆ ಉತ್ತಿಲ್ಲ. ಒಂದು ವರ್ಷ ಕಳೆ ವಿಪರೀತ, ಒಂದು ವರ್ಷ ಹಂದಿ, ಒಂದು ವರ್ಷ ಒಳ್ಳೆಯ ಫಸಲು, ಹೀಗೆ ನಡೆದಿದೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಮಣ್ಣಿಗೆ ಬೆರಳು ಹಾಕಿದರೆ ಪೂರ್ತಿ ಬೆರಳು ಇಳಿಯುತ್ತದೆ. ಪರೀಕ್ಷೆಯಲ್ಲಿ 'ಕಡಿಮೆ' ಹೋಗಿ 'ಮಧ್ಯಮ' ಎಂದು ಬಂದದ್ದು ಈಚೆಗೆ. ಬಂದ ದಿನ ಇವರು ಅದನ್ನು ನನಗೆ ಗಟ್ಟಿಯಾಗಿ ಎರಡು ಸಲ ಓದಿದರು.

ಕೊಟ್ಟಿಗೆ ಹಿಂದಿನ ಪಟ್ಟಿಯನ್ನು ಮಾತ್ರ ಪ್ರತಿ ಯುಗಾದಿಗೆ ಇವರು ಉಳುತ್ತಾರೆ. ಅಲ್ಲಿನ ಮಣ್ಣು ಗಟ್ಟಿ, ಸೊಪ್ಪು ಅಷ್ಟೇನೂ ಚೆನ್ನಾಗಿ ಬರುವುದಿಲ್ಲ. ಕೃಷಿ ಇಲಾಖೆಯ ಕಡೆಯವರೊಬ್ಬರು ನಮ್ಮ ಹೊಲ ನೋಡಲು ಬಂದವರು ಅದನ್ನೂ ನೋಡಿ, "ಇದೊಂದನ್ನ ಯಾಕೆ ಹೀಗೆ ಇಟ್ಟಿದ್ದೀರಿ?" ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು.

"ಅದು ಅಪ್ಪಂದು," ಅಂದರು.